ಅರುವನ ಸಾಕ್ಷಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಸುದ್ದಿ ಹೇಳಿದವರು ಅವರ ಹೆಂಡತಿ. ಗಂಜಿ ಕೇಳಿದರಂತೆ, ಕಾಯಿಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರಂತೆ. ಅಷ್ಟು ಹೇಳಿ ಆಕೆ ಫೋನು ಇಟ್ಟರು. ನಾನು ಕೋರ್ಟಿನ ಕಾರಿಡಾರಿನಲ್ಲಿ ಫೈಲು ಹಿಡಿದು ನಿಂತಿದ್ದೆ. ನನ್ನ ಕೇಸು ಕೂಗಿದ್ದು ನನಗೆ ಕೇಳಿಸಲಿಲ್ಲ, ಪಕ್ಕದವರು ಭುಜ ತಟ್ಟಿ ಒಳಗೆ ಕಳಿಸಿದರು.

ಅವರ ಹೆಸರು ಬರೆಯುವುದಿಲ್ಲ. ಕೊಡಗಿನಲ್ಲಿ ಒಬ್ಬರ ಹೆಸರು ಹೇಳಿದರೆ ಮನೆತನ ಹೇಳಿದ ಹಾಗೆ, ಮನೆತನ ಹೇಳಿದರೆ ನೆಂಟರು, ನೆರೆಹೊರೆ, ಹಳೇ ಜಗಳ ಎಲ್ಲ ಹೇಳಿದ ಹಾಗೆ. ಊರನ್ನು ಅಮ್ಮತ್ತಿ ಎಂದು ಬರೆಯುತ್ತೇನೆ. ಅದೇ ಊರೆಂದು ನೀವು ನಂಬಬೇಕಾಗಿಲ್ಲ. ನಾನು ವಕೀಲೆ, ಇಷ್ಟು ಎಚ್ಚರಿಕೆ ನನಗೆ ಅಭ್ಯಾಸವಾಗಿದೆ.

ನನ್ನ ಗಂಡನಿಗೆ ಅಲ್ಲಿಯ ಬ್ಯಾಂಕಿಗೆ ವರ್ಗವಾದಾಗ ಬಾಡಿಗೆ ಮನೆ ಹುಡುಕುತ್ತ ಅವರ ಅಂಗಳಕ್ಕೆ ಹೋಗಿದ್ದೆವು. ನಾನು ಕುಶಾಲನಗರದ ಕಡೆಯವಳು. ನಮ್ಮಜ್ಜ ಹಾಸನದಿಂದ ಬಂದು ಅಲ್ಲಿ ಜಮೀನು ಮಾಡಿದವರು. ಒಂದೇ ಜಿಲ್ಲೆ ಎನ್ನುವುದು ಹೆಸರಿಗೆ ಮಾತ್ರ, ಕೊಡವರ ಮನೆಯೊಳಗಿನ ನಡವಳಿಕೆ ನನಗೆ ಏನೂ ಗೊತ್ತಿರಲಿಲ್ಲ. ಮಹಡಿಯ ಮೇಲೆ ಎರಡು ಕೋಣೆ ಖಾಲಿ ಇತ್ತು. ಅವರು ನಮ್ಮನ್ನು ಮೇಲಕ್ಕೆ ಹತ್ತಿಸುವ ಮೊದಲೇ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಹೇಳಿದರು: "ಮಳೆಗೆ ಮೂಲೆಯಲ್ಲಿ ಸೋರ್ತದೆ. ಹೆಂಚು ಬದಲಿಸಿದ್ರೂ ಸೋರ್ತದೆ. ಏಪ್ರಿಲಲ್ಲಿ ಬಾವಿ ನೀರು ಸಾಲುದಿಲ್ಲ. ನಾನು ಗೊರಕೆ ಹೊಡಿತೇನೆ, ಮೇಲೆ ಕೇಳ್ತದೆ. ಇದೆಲ್ಲ ಆಗುದಾದ್ರೆ ಬನ್ನಿ."

ಈ ಮನುಷ್ಯನಿಗೆ ಮನೆ ಕೊಡಲು ಇಷ್ಟವಿಲ್ಲ ಎಂದು ನನ್ನ ಗಂಡ ಕಿವಿಯಲ್ಲಿ ಪಿಸುಗುಟ್ಟಿದರು. ನಾನು ಅಲ್ಲೇ ಒಪ್ಪಿಕೊಂಡೆ. ತನಗೆ ವಿರುದ್ಧವಾದದ್ದನ್ನು ಮೊದಲು ಹೇಳುವವರು ನನ್ನ ವೃತ್ತಿಯಲ್ಲಿ ಸಿಗುವುದೇ ಇಲ್ಲ. ಗೊರಕೆಯ ವಿಷಯದಲ್ಲಿ ಅವರು ಹೇಳಿದ್ದು ಕಡಿಮೆಯೇ ಆಗಿತ್ತು.

ಅವರದು ಸ್ವಲ್ಪ ಕಾಫಿ, ಅದರ ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಒಂದು ತುಂಡು ಗದ್ದೆ. ಎಸ್ಟೇಟ್ ಎಂದು ಯಾರಾದರೂ ಕರೆದರೆ "ತೋಟ" ಎಂದು ತಿದ್ದುತ್ತಿದ್ದರು. ಮೆಣಸು ಕೊಳ್ಳಲು ಬಂದ ಸಾಬರಿಗೆ ಯಾವ ಮೂಟೆಯಲ್ಲಿ ಬೂಷ್ಟು ಹಿಡಿದಿದೆ ಎಂದು ತಾವೇ ತೋರಿಸುತ್ತಿದ್ದರು. ಆ ಸಾಬರು ಒಮ್ಮೆ ನನ್ನ ಹತ್ತಿರ, ಇವರ ಜೊತೆ ವ್ಯಾಪಾರ ಮಾಡಿದರೆ ಚೌಕಾಸಿಯ ಸುಖವೇ ಇಲ್ಲ ಎಂದು ಬೇಜಾರು ಮಾಡಿಕೊಂಡಿದ್ದರು.

ಏನಾದರೂ ಕೇಳಿದರೆ ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ಪ್ರಶ್ನೆ ಪೂರ್ತಿ ಮುಗಿದ ಮೇಲೆ ಕಣ್ಣು ಬಿಟ್ಟು ಉತ್ತರ ಕೊಡುತ್ತಿದ್ದರು. ಹೊಸಬರು ಮುದುಕರಿಗೆ ನಿದ್ದೆ ಬಂತು ಅಂದುಕೊಳ್ಳುತ್ತಿದ್ದರು. ಇವತ್ತು ಮಳೆ ಬರುತ್ತದೆಯೇ ಎಂದರೂ ಹೀಗೇ, ಕಣ್ಣು ಬಿಟ್ಟವರು ಎದ್ದು ಅಂಗಳಕ್ಕೆ ಹೋಗಿ ನೋಡಿ ಬಂದು ಹೇಳುತ್ತಿದ್ದರು. ಮದುವೆ ಮನೆಯಲ್ಲಿ ಅವರ ಹತ್ತಿರ ಊಟ ಹೇಗಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಹುಡುಗಿಯ ತಂದೆ ಮರೆತು ಕೇಳಿಬಿಟ್ಟರು. ಇವರು ಕಣ್ಣು ಮುಚ್ಚಿ ಹಂದಿ ಮಾಂಸ ಅಗಿದು ನುಂಗಿ, "ಕಾಚಂಪುಳಿ ಕಮ್ಮಿಯಾಯ್ತು" ಎಂದರು, ಹಂದಿ ಮಾಂಸಕ್ಕೆ ಕೊಡವರು ಹಾಕುವ ಕಪ್ಪು ಹುಳಿ ಅದು. ಆ ತಂದೆ ಅಡುಗೆಯವನನ್ನು ಹುಡುಕಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಜಮೀನಿನ ಪತ್ರಕ್ಕೆ ಸಾಕ್ಷಿ ಹಾಕಿ ಎಂದು ಯಾರಾದರೂ ಬಂದರೆ ಮೊದಲು ಬೂಟು ಹಾಕಿಕೊಂಡು ಹೋಗಿ ಆ ಜಮೀನಿನ ಗಡಿ ಸುತ್ತಿ ಬರುತ್ತಿದ್ದರು. ನೋಡದ ಜಾಗಕ್ಕೆ ಸಹಿ ಹಾಕಿದವರಲ್ಲ.

ಇಂಥವರು ಅರುವರಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಅರುವ ಎಂದರೇನೆಂದು ನಾನು ಅವರಿಂದಲೇ ಕಲಿತೆ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ, ಸಪ್ತಪದಿಯಿಲ್ಲ. ದೀಪದ ಮುಂದೆ ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಆಮೇಲೆ ಸಂಬಂಧ ಕೊಡುವ ಶಾಸ್ತ್ರ. ಒಂದೊಂದು ಒಕ್ಕಕ್ಕೂ, ಅಂದರೆ ಮನೆತನಕ್ಕೂ, ಬೇರೆ ಮನೆತನದ ಒಬ್ಬರು ಅರುವ ಇರುತ್ತಾರೆ. ಹುಡುಗಿಯ ಕಡೆಯ ಅರುವ ಸಣ್ಣ ಕಲ್ಲುಗಳನ್ನು ಹುಡುಗನ ಕಡೆಯ ಅರುವನ ಕೈಗೆ ಹಾಕುತ್ತಾನೆ. ಆ ಕಲ್ಲುಗಳೆಂದರೆ ಹೊಸ ಮನೆಯಲ್ಲಿ ಅವಳ ಹಕ್ಕುಗಳು. ಒಂದನ್ನು ಮಾತ್ರ ಕೊಡದೆ ಉಳಿಸಿಕೊಳ್ಳುತ್ತಾನೆ, ತವರಿನ ಬಾಗಿಲು ಮುಚ್ಚಬಾರದು ಎಂದು. ನಾಳೆ ಈ ಹುಡುಗಿಗೆ ಅನ್ಯಾಯವಾದರೆ ಸಾಕ್ಷಿ ಯಾರು ಎಂದು ಕೇಳುತ್ತಾರೆ. ನಾನು ಎಂದು ಹುಡುಗನ ಕಡೆಯ ಅರುವ ಹೇಳಬೇಕು. ಈ ಮಾತುಕತೆ ಆದರೆ ಅವಳು ಆ ಒಕ್ಕದವಳು.

ಅವರು ಪಕ್ಕದ ತೋಟದ ಒಕ್ಕಕ್ಕೆ ಅರುವರಾಗಿದ್ದರು. ಅವರ ತಂದೆಯೂ ಆಗಿದ್ದರಂತೆ. ಆ ಮನೆಯವರಿಗೆ ಇವರನ್ನು ಬಿಟ್ಟು ಮದುವೆಯಿಲ್ಲ, ಇವರಿಗೆ ಆ ಮನೆಯನ್ನು ಬಿಟ್ಟು ಹಬ್ಬವಿಲ್ಲ. ಸುಗ್ಗಿ ಹಬ್ಬವಾದ ಹುತ್ತರಿಯ ದಿನ ಭತ್ತದ ಕದಿರು ತೆಗೆಯಲು ಇವರು ಹೋಗದೆ ಅಲ್ಲಿ ಯಾರೂ ಗದ್ದೆಗೆ ಇಳಿಯುತ್ತಿರಲಿಲ್ಲ. ನನಗೆ ಒಂದು ರೀತಿಯ ಅಸೂಯೆಯೇ ಆಗುತ್ತಿತ್ತು. ನಮ್ಮ ಕಡೆ ಅಣ್ಣತಮ್ಮಂದಿರಲ್ಲೂ ಇಷ್ಟು ಬಳಕೆ ಉಳಿದಿಲ್ಲ.

ಆ ಮನೆಯ ಮಗನಿಗೆ ಮದುವೆ ಗೊತ್ತಾದಾಗ ಲಾಕ್‌ಡೌನ್ ಬಂತು. ಹುಡುಗಿ ದೇಚಮ್ಮ, ತಂದೆಯಿಲ್ಲದವಳು. ಮಂಟಪವಿಲ್ಲ, ಕಾರ್ಡಿಲ್ಲ, ಫೋಟೊದವನಿಲ್ಲ. ಅನುಮತಿ ಸಿಕ್ಕಷ್ಟು ಜನ ಸೇರಿ ಹುಡುಗಿಯ ಮನೆಯಲ್ಲೇ ಬೇಗ ಬೇಗ ಮುಗಿಸಿದರು. ನಾವು ಆಗ ಮಹಡಿಯಲ್ಲೇ ಇದ್ದರೂ ಹೋಗುವ ಹಾಗಿರಲಿಲ್ಲ. ದೇಚಮ್ಮ ಪಕ್ಕದ ತೋಟಕ್ಕೆ ಸೊಸೆಯಾಗಿ ಬಂದಳು. ಅತ್ತೆ ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತಿ ಕೂರಿಸಿ, ತೊಳೆದು, ಉಣ್ಣಿಸಿದವಳು ಅವಳು. ಬೇಲಿಯಾಚೆಯಿಂದ ನನ್ನನ್ನು ಅಕ್ಕ ಎಂದು ಕರೆದು ಕೊತ್ತಂಬರಿ ಸೊಪ್ಪು ಕೇಳುತ್ತಿದ್ದಳು. ಮದುವೆ ನೋಂದಣಿ ಮಾಡಿಸಿಕೋ ಎಂದು ನಾನು ಹೇಳಿದರೆ ಎಲ್ಲ ಸರಿಯಾದ ಮೇಲೆ ಮಾಡಿಸುತ್ತೇವೆ ಎನ್ನುತ್ತಿದ್ದಳು.

ಅತ್ತೆ ತೀರಿಕೊಂಡರು. ಅವರ ತಿಥಿ ಕಳೆದ ಸ್ವಲ್ಪ ದಿನಕ್ಕೇ ಗಂಡ ಅವಳನ್ನು ತವರಿಗೆ ಕಳಿಸಿದ. ಬೇರೆ ಕಡೆ ಹುಡುಗಿ ನೋಡುತ್ತಿದ್ದಾನೆ ಎಂದು ಸುದ್ದಿ ಬಂತು. ದೇಚಮ್ಮ ನನ್ನ ಹತ್ತಿರ ಬಂದಳು, ನಾನು ಮಡಿಕೇರಿಯಲ್ಲಿ ಕೇಸು ಹಾಕಿದೆ, ಅವಳು ಅವನ ಹೆಂಡತಿ ಎಂದು ಕೋರ್ಟು ಘೋಷಿಸಲಿ ಎಂದು. ಅವನು ಕೊಟ್ಟ ಉತ್ತರ ಓದಿ ನನ್ನ ಮೈ ಉರಿಯಿತು. ಆ ದಿನ ಆದದ್ದು ನಿಶ್ಚಯ ಮಾತ್ರ, ಲಾಕ್‌ಡೌನ್ ಮುಗಿದ ಮೇಲೆ ಮದುವೆ ಎಂದಿತ್ತು, ಅದು ಆಗಲಿಲ್ಲ, ಈಕೆ ನನ್ನ ತಾಯಿಯನ್ನು ನೋಡಿಕೊಳ್ಳಲು ಬಂದಿದ್ದವಳು. ಇಷ್ಟೇ. ಅವಳು ಮಲ ಮೂತ್ರ ಬಳಿದದ್ದನ್ನೇ ಅವಳು ಹೆಂಡತಿಯಲ್ಲ ಎನ್ನುವುದಕ್ಕೆ ಆಧಾರ ಮಾಡಿಕೊಂಡಿದ್ದ.

ನಮ್ಮ ಹತ್ತಿರ ಇದ್ದದ್ದು ಮೊಬೈಲಿನ ನಾಲ್ಕಾರು ಫೋಟೊ. ದೀಪ ಇದೆ, ಕೆಂಪು ಸೀರೆ ಇದೆ, ಅಕ್ಕಿ ಹಾಕುವ ಕೈಗಳಿವೆ. ನಿಶ್ಚಯಕ್ಕೂ ದೀಪ ಹಚ್ಚುತ್ತಾರೆ ಎಂದರು ಎದುರು ವಕೀಲರು. ಅವರೂ ಕೊಡವರೇ, ಎಲ್ಲಿ ಹಿಡಿಯಬೇಕೆಂದು ಗೊತ್ತಿದ್ದವರು. ಸಂಬಂಧ ಕೊಟ್ಟರೇ ಎಂದು ಅವರು ದೇಚಮ್ಮನನ್ನು ಕೇಳಿದಾಗ, ಅದೆಲ್ಲ ಹಿರಿಯರು ಮಾಡಿದ್ದು, ತನಗೆ ನೆನಪಿಲ್ಲ ಎಂದಳು. ಹೊರಗೆ ಬಂದ ಮೇಲೆ ನಾನು ಅವಳ ಮೇಲೆ ರೇಗಿದೆ. ತನ್ನ ಮದುವೆಯೇ ನೆನಪಿಲ್ಲ ಎನ್ನುವ ಹೆಂಗಸನ್ನು ಯಾರು ನಂಬುತ್ತಾರೆ? ಅವಳು ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು.

ಉಳಿದದ್ದು ಅರುವರ ಸಾಕ್ಷಿ. ಹುಡುಗಿಯ ಕಡೆಯ ಅರುವ ಮದುವೆಯಾದ ವರ್ಷವೇ ತೀರಿಕೊಂಡಿದ್ದರು. ಹುಡುಗನ ಕಡೆಯ ಅರುವ ನನ್ನ ಮನೆಯ ಮಾಲೀಕರು. ತಲೆಮಾರಿನಿಂದ ಹೊಂದಿಕೊಂಡ ಮನೆಯ ವಿರುದ್ಧ ಅವರು ಕೋರ್ಟಿಗೆ ಬರುತ್ತಾರೆಯೇ ಎಂದು ನನಗೆ ಅಳುಕಿತ್ತು. ಕೆಳಗಿಳಿದು ಹೋಗಿ ಕೇಳಿದೆ. ಕಣ್ಣು ಮುಚ್ಚಿ ಕೇಳಿದರು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಬರುತ್ತೇನೆ ಎಂದರು. ಅವರ ಹೆಂಡತಿ ಒಳಗಿನಿಂದ ಬಂದು ನನ್ನ ಮುಂದೆ ಕಾಫಿ ಇಟ್ಟು, ಗಂಡನ ಮುಖ ನೋಡಿ ಒಳಗೆ ಹೋದರು.

ಸಾಕ್ಷಿಯ ಮುಖ್ಯ ಹೇಳಿಕೆಯನ್ನು ಈಗ ಬರೆದೇ ಸಲ್ಲಿಸಬೇಕು. ನಾನು ಅಫಿಡವಿಟ್ ಬರೆದು ಓದಿ ಹೇಳಿದೆ. ಸಂಪ್ರದಾಯದಂತೆ ಎಲ್ಲ ಶಾಸ್ತ್ರಗಳೂ ನಡೆದವು ಎಂಬಲ್ಲಿ ನಿಲ್ಲಿಸಿ, ಇನ್ನೊಮ್ಮೆ ಓದಿ ಎಂದರು. ಓದಿದೆ. ಎದ್ದು ಅಂಗಳಕ್ಕೆ ಹೋಗಿ ಒಣಗಿದ ಎಲೆ ಗುಡಿಸಿ ಬಂದರು. ಆಮೇಲೆ ಸಹಿ ಹಾಕಿದರು. ಗಡಿ ಸುತ್ತಿ ಬರುವ ಅಭ್ಯಾಸ ಇಲ್ಲೂ ಬಿಡಲಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಕಟಕಟೆ ಹತ್ತಿದಾಗ ಬೆಂಚ್ ಕ್ಲರ್ಕು ದೇವರ ಹೆಸರಿನಲ್ಲಿ ಪ್ರಮಾಣ ಹೇಳಿಸಲು ಹೋದರು. ಇವರು ಕೈ ಅಡ್ಡ ಹಿಡಿದು, "ದೇವರ ಹೆಸರು ಬೇಡ. ಹಾಗೇ ಹೇಳ್ತೇನೆ" ಎಂದರು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಆದರೆ ವರ್ಷವರ್ಷವೂ ಇಗ್ಗುತ್ತಪ್ಪ ದೇವರ ಗುಡಿಗೆ ಹೋಗಿ ಬರುವ ಮನುಷ್ಯ ಯಾಕೆ ಹೀಗೆಂದರು ಎಂದು ನಾನು ಆಗ ಯೋಚಿಸಲಿಲ್ಲ. ನನ್ನ ಗಮನವೆಲ್ಲ ಎದುರು ವಕೀಲರ ಮೇಲಿತ್ತು.

ಅವರು ಸುತ್ತಿ ಬಳಸಿ ಕೇಳುತ್ತ ಹೋದರು. ಪ್ರತಿ ಪ್ರಶ್ನೆಗೂ ಇವರು ಕಣ್ಣು ಮುಚ್ಚುವುದು, ಬಿಡುವುದು. ಜಡ್ಜು ಒಮ್ಮೆ, ಯಜಮಾನರಿಗೆ ಸುಸ್ತಾಗಿದೆಯೇ, ಕುರ್ಚಿ ಕೊಡಿ ಎಂದರು. ಇವರು ಬೇಡ ಎಂದರು. ಕೊನೆಗೆ ಆ ಪ್ರಶ್ನೆ ಬಂತು.

"ಹುಡುಗಿ ಕಡೆಯ ಅರುವನಿಗೆ ಅವತ್ತು ಜ್ವರ ಇತ್ತು, ದೀಪ ಹಚ್ಚಿದ ಕೂಡಲೇ ಮನೆಗೆ ಹೋದ್ರು. ಸಂಬಂಧ ಕೊಡೋಕೆ ಅಲ್ಲಿ ಯಾರೂ..."

"ಇದ್ರು. ಅವರೇ ಕೊಟ್ರು. ನಾನೇ ತಗೊಂಡೆ."

ಪ್ರಶ್ನೆ ಮುಗಿದಿರಲಿಲ್ಲ. ಅವರ ಕಣ್ಣು ತೆರೆದೇ ಇತ್ತು, ಬೆಂಚಿನ ಮೇಲೆ ಕೂತಿದ್ದ ಆ ಮನೆಯ ಮಗನನ್ನೇ ನೋಡುತ್ತಿದ್ದರು. ಅವನು ತಲೆ ಎತ್ತಿ ಇವರನ್ನು ನೋಡಿದ, ಆಮೇಲೆ ಗೋಡೆ ನೋಡಿದ. ವಕೀಲರು ಸುಳ್ಳು ಹೇಳುತ್ತಿದ್ದೀರಿ ಎಂದರು. ಇಲ್ಲ ಎಂದರು ಇವರು. ನನ್ನ ಹಿಂದೆ ದೇಚಮ್ಮ ಬಿಕ್ಕಿದ್ದು ಕೇಳಿತು, ಸಮಾಧಾನದ ಅಳು ಎಂದುಕೊಂಡೆ. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ನಾನು ಖುಷಿಯಾಗಿದ್ದೆ. ಅವರು ಊರು ಬರುವ ತನಕ ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು.

ತೀರ್ಪು ನಮ್ಮ ಕಡೆ ಬಂತು. ಪ್ರತಿ ಹಿಡಿದುಕೊಂಡು ಬಂದಾಗ ಅವರು ಕಣದಲ್ಲಿ ಕಾಫಿ ಕೆದಕುತ್ತಿದ್ದರು. ತಮ್ಮ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳಿದರು. ನಾನು ಹುಡುಕಿದೆ. ಇಬ್ಬರೂ ಗಂಡ ಹೆಂಡತಿಯಾಗಿ ಬಾಳಿದ್ದು, ರೇಷನ್ ಕಾರ್ಡು, ಅತ್ತೆಯ ಆಸ್ಪತ್ರೆ ಕಾಗದಗಳಲ್ಲಿ ದೇಚಮ್ಮ ಸೊಸೆ ಎಂದು ಸಹಿ ಹಾಕಿದ್ದು, ಊರವರು ಅವಳನ್ನು ಸೊಸೆಯೆಂದೇ ಕರೆದದ್ದು, ಇದರ ಮೇಲೆ ಪುಟಗಟ್ಟಲೆ ಇತ್ತು. ಇವರ ಬಗ್ಗೆ ಒಂದು ವಾಕ್ಯ. ಅರುವನ ಹೇಳಿಕೆಯೂ ಇದನ್ನು ಸಮರ್ಥಿಸುತ್ತದೆ, ಅಷ್ಟೇ.

"ಅಷ್ಟೇಯಾ?" ಎಂದರು. ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತರು. "ಆ ದಿನ ಸಂಬಂಧ ಕೊಡ್ಲೇ ಇಲ್ಲ ವಕೀಲಮ್ಮ."

ಅವರು ನಿಧಾನವಾಗಿ ಹೇಳಿದರು. ಎದುರು ವಕೀಲರು ಕೇಳಿದ್ದು ನಿಜವಾಗಿತ್ತು. ಹುಡುಗಿಯ ಅರುವ ದೀಪದ ಮುಂದೆ ಒಮ್ಮೆ ಕೆಮ್ಮಿದ್ದರು, ಹಣೆ ಮುಟ್ಟಿದರೆ ಸುಡುತ್ತಿತ್ತು. ಆಗಿನ ಹೆದರಿಕೆ ಎಂಥದೆಂದು ನಮಗೆಲ್ಲ ಗೊತ್ತು. ಜನ ಅವರನ್ನು ಕೈ ಹಿಡಿದು ಕಳಿಸಲೂ ಅಂಜಿ, ದೂರದಿಂದಲೇ ಹೋಗಿ ಹೋಗಿ ಎಂದು ಹೊರಗೆ ಹಾಕಿದರು. ಅಕ್ಕಿ ಹಾಕಿ ಹರಸಿದ್ದಾಯಿತು. ಸಂಬಂಧಕ್ಕೆ ಮಾತ್ರ ಇವರೊಬ್ಬರೇ ಕೈ ನೀಡಿ ನಿಂತಿದ್ದರು, ಕೊಡುವವರಿರಲಿಲ್ಲ. ಎಲ್ಲ ತೆರೆದ ಮೇಲೆ ಮಾಡಿದರಾಯಿತು ಎಂದು ಯಾರೋ ಹೇಳಿದರು, ಇವರೂ ಹೂಂ ಅಂದರು. ಅಷ್ಟರಲ್ಲಿ ಆ ಅರುವ ಹೋಗಿಬಿಟ್ಟರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ನನಗೆ ಸಿಟ್ಟು ಬಂತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನನ್ನನ್ನು ಸಾಕ್ಷಿಗೆ ಹತ್ತಿಸ್ತಿದ್ರಾ?"

ಇಲ್ಲ ಎಂದೆ.

"ಅದಕ್ಕೇ ಹೇಳ್ಲಿಲ್ಲ. ನೋಡಿ, ಈ ಹುಡುಗಿಗೆ ಕಷ್ಟ ಬಂದ್ರೆ ಸಾಕ್ಷಿ ಯಾರು ಅಂತ ಅವತ್ತು ಕೇಳ್ಬೇಕಿತ್ತು. ಯಾರೂ ಕೇಳ್ಲಿಲ್ಲ. ಕೋರ್ಟಲ್ಲಿ ಕೇಳಿದ್ರು. ನಾನಲ್ಲ ಅಂತ ಹೇಗೆ ಹೇಳುದು?" ಕಣದ ಕಡೆ ನೋಡುತ್ತ ಹೇಳಿದರು: "ಆದ್ರೆ ಸತ್ತವನನ್ನು ಕರ್ಕೊಂಡು ಬಂದು ಸುಳ್ಳಿಗೆ ನಿಲ್ಲಿಸಿದೆ. ಅದು ತಪ್ಪು."

ದೇಚಮ್ಮನಿಗೆ ಇದು ಗೊತ್ತಿತ್ತು. ನೆನಪಿಲ್ಲ ಎಂದದ್ದು ಅದಕ್ಕೇ. ತಾನು ಸುಳ್ಳು ಹೇಳಲಾರದೆ ಅವಳು ತಪ್ಪಿಸಿಕೊಂಡಿದ್ದಳು, ಆ ಭಾರವನ್ನು ಇವರು ಹೊತ್ತುಕೊಂಡಿದ್ದರು. ಎದ್ದು ಹೋಗುವ ಮೊದಲು ಅವರು ಇನ್ನೊಂದು ಕೇಳಿದರು. ತಾನು ಹೇಳದಿದ್ದರೂ ಅವಳು ಗೆಲ್ಲುತ್ತಿದ್ದಳೇ ಎಂದು. ಗೆಲ್ಲುತ್ತಿದ್ದಳೇನೋ. ಅವರಿಗೆ ಹಾಗೆನ್ನಲು ನನಗೆ ನಾಲಿಗೆ ಏಳಲಿಲ್ಲ. ಹೇಳೋಕಾಗಲ್ಲ ಅಂಕಲ್ ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ದೇಚಮ್ಮನ ಗಂಡ ಅಪೀಲು ಮಾಡಲಿಲ್ಲ, ಅವಳನ್ನು ಕರೆದುಕೊಂಡು ಹೋಗಲೂ ಇಲ್ಲ. ತೋಟವನ್ನು ಯಾರಿಗೋ ವಹಿಸಿ ಮೈಸೂರಿಗೆ ಹೋದ. ಬೇರೆ ಮದುವೆ ಮಾಡಿಕೊಳ್ಳುವ ಹಾಗಿರಲಿಲ್ಲ. ದೇಚಮ್ಮ ತವರಿನಲ್ಲಿದ್ದುಕೊಂಡು ಸಿದ್ದಾಪುರದ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದಳು. ಗೆದ್ದದ್ದು ಎಂದರೆ ಇಷ್ಟು. ನನ್ನ ವೃತ್ತಿಯಲ್ಲಿ ಇಂಥ ಗೆಲುವುಗಳೇ ಹೆಚ್ಚು.

ಆ ಒಕ್ಕದವರು ಬೇರೆ ಅರುವನನ್ನು ಮಾಡಿಕೊಂಡರು. ಹುತ್ತರಿಗೆ ಇವರನ್ನು ಕರೆಯಲಿಲ್ಲ. ಪಕ್ಕದ ಗದ್ದೆಯಲ್ಲಿ ಕದಿರು ತೆಗೆಯುವಾಗ ಹಾರಿಸುವ ಗುಂಡಿನ ಸದ್ದು ಕೇಳಿದಾಗ ಇವರು ಅಡುಗೆಮನೆಯಲ್ಲಿ ಕೂತು ಊಟ ಮಾಡುತ್ತಿದ್ದರು, ಅರ್ಧಕ್ಕೆ ಎದ್ದರು ಎಂದು ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಹೇಳಿದರು. ಅವರು ಕರೆಯದಿದ್ದದ್ದು ಒಂದು. ಇವರು ತಾವಾಗಿ ಬಿಟ್ಟದ್ದು ಇನ್ನೊಂದು. ಜಮೀನಿನ ಪತ್ರಕ್ಕೆ ಸಹಿ ಕೇಳಲು ಬಂದವರನ್ನು, ನನ್ನ ಸಾಕ್ಷಿ ಬೇಡ, ಬೇರೆಯವರನ್ನು ನೋಡಿ ಎಂದು ಕಳಿಸತೊಡಗಿದರು. ಇಗ್ಗುತ್ತಪ್ಪನಿಗೆ ಹೆಂಡತಿಯನ್ನು ಮಾತ್ರ ಕಳಿಸಿದರು. ತಮ್ಮನ ಮೊಮ್ಮಗಳ ಮದುವೆಯಲ್ಲಿ ದೀಪದ ಹತ್ತಿರಕ್ಕೂ ಹೋಗದೆ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಊಟಕ್ಕೆ ಕೂತಾಗ ಯಾರೋ ಹುಡುಗರು ತಮಾಷೆಗೆ, ತಾತ, ಹಂದಿ ಮಾಂಸ ಹೇಗಿದೆ ಎಂದು ಕೇಳಿದರು. ಎಲ್ಲರೂ ನಗಲು ಕಾದಿದ್ದರು. ಚೆನ್ನಾಗಿದೆ ಎಂದರು ಇವರು. ಬಾಯಿಗೆ ಇಟ್ಟಿರಲೂ ಇಲ್ಲ.

ಅಲ್ಲಿಂದ ನಾವು ಮಡಿಕೇರಿಗೆ ಮನೆ ಬದಲಿಸಿದೆವು. ಫೋನು ಮಾಡಿದರೆ ಹೇಗಿದ್ದೀರಿ ಎಂಬುದಕ್ಕೆ ಚೆನ್ನಾಗಿದ್ದೇನೆ ಎನ್ನುತ್ತಿದ್ದರು. ಮೊದಲಾಗಿದ್ದರೆ ಮೊಣಕಾಲಿನಿಂದ ಹಿಡಿದು ಹಲ್ಲಿನ ತನಕ ಎಲ್ಲ ಲೆಕ್ಕ ಒಪ್ಪಿಸುತ್ತಿದ್ದರು.

ಸಾವಿನ ಮನೆಗೆ ನಾನು ಹೋದಾಗ ಮಳೆ ಜಿನುಗುತ್ತಿತ್ತು. ಅವರನ್ನು ಜಗಲಿಯಲ್ಲಿ ಮಲಗಿಸಿದ್ದರು. ಬಿಳಿ ಬಟ್ಟೆಯ ಜನ ಬಂದು ಕಾಲು ಮುಟ್ಟಿ ಹೋಗುತ್ತಿದ್ದರು. ಪಕ್ಕದ ತೋಟದಿಂದ ಯಾರೂ ಬಂದಿರಲಿಲ್ಲ. ತಲೆಮಾರಿನಿಂದ ಬಂದ ಸಂಬಂಧ, ಸಾವಿಗಾದರೂ ಬರಬೇಕಿತ್ತು ಎಂದು ಹೆಂಗಸರು ಗುಸುಗುಸು ಮಾಡುತ್ತಿದ್ದರು. ಆಂಟಿ ಮಾತ್ರ ಆಗಾಗ ಆ ಬೇಲಿಯ ಕಡೆ ನೋಡುತ್ತಿದ್ದರು.

ದೇಚಮ್ಮ ಬಸ್ಸಿಳಿದು ನಡೆದು ಬಂದಳು, ಬಿಳಿ ಸೀರೆ ಮೊಣಕಾಲ ತನಕ ಒದ್ದೆ. ಕಾಲು ಮುಟ್ಟಿ ಎದ್ದು, ಒಳಗೆ ಹೋಗದೆ, ಬಂದವರು ನಿಲ್ಲುವ ಕಡೆ ನಿಂತಳು. ದೂರದ ಊರಿನಿಂದ ಬಂದ ವಯಸ್ಸಾದ ಹೆಂಗಸೊಬ್ಬರು, ಕೊಡವರಲ್ಲಿ ಯಾರು ಯಾರನ್ನು ನೋಡಿದರೂ ಮೊದಲು ಕೇಳುವ ಪ್ರಶ್ನೆ ಕೇಳಿದರು, ಯಾವ ಒಕ್ಕ ಎಂದು.

ದೇಚಮ್ಮ ಗಂಡನ ಒಕ್ಕದ ಹೆಸರು ಹೇಳಿದಳು. ಮೆಲ್ಲಗೆ ಹೇಳಲಿಲ್ಲ. ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಯಾರೂ ಅಲ್ಲ ಎನ್ನಲಿಲ್ಲ. ಆಂಟಿ ಎದ್ದು ಬಂದು ಅವಳ ಕೈ ಹಿಡಿದು, ಆ ಒಕ್ಕದವರು ಕೂರಬೇಕಾದ ಕಡೆ ಕೂರಿಸಿದರು.

ನಾನು ಪಕ್ಕಕ್ಕೆ ಹೋಗಿ ಕೂತೆ. ಅವಳು ನನ್ನ ಕಡೆ ತಿರುಗದೆ ಹೇಳಿದಳು:

"ಆ ಮನೆಯಿಂದ ಯಾರಾದ್ರೂ ಬರ್ಬೇಕಿತ್ತಲ್ಲ ಅಕ್ಕ. ಬಂದೆ."